ಮಂಜೋ, ಹೊಗೆಯೋ? – ಹಳೆಯ ಕಾರಿನ ರೋಗಪರೀಕ್ಷೆ

ತರ್ಕಶಾಸ್ತ್ರದ ಮೊದಲ ಪಾಠಕ್ಕೆ ಕುಳಿತ ವಿದ್ಯಾರ್ಥಿಗೆ ಗುರುಗಳು ಹೇಳುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು. ಬೆಟ್ಟದಲ್ಲಿ ಹೊಗೆ ಕಾಣುತ್ತಿದೆ, ಆದುದರಿಂದ ಅಲ್ಲಿ ಬೆಂಕಿಯಿದೆ ಎಂಬುದು ಅನುಮಾನ. ಆದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ. ಕಂಡದ್ದು ನಿಜವಾಗಿ ಹೊಗೆಯೇ ಅಥವಾ ಹೊಗೆಯಂತೆ ತೋರುವ ಮಂಜೇ ಎಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕೆಂದು ಗುರುಗಳು ಎಚ್ಚರಿಸುತ್ತಾರೆ. ಮಠದ ಪಾಠಶಾಲೆಯಲ್ಲಿ ಬಾಲ್ಯದಲ್ಲಿ ಕಂಠಪಾಠ ಮಾಡಿದ ಈ ಮಾತು ನನಗೆ ಸರಿಯಾಗಿ ಅರ್ಥವಾದದ್ದು ಬಹುಕಾಲದ ಮೇಲೆ, ಬೇಲೂರಿನ ಒಂದು ಬೀದಿಯಲ್ಲಿ, ನಮ್ಮ ಹಳೆಯ ಅಂಬಾಸಿಡರ್ ಕಾರಿನ ಹಿಂದೆ ನಿಂತಾಗ.

ಅದು 2012ರ ಜನವರಿ, ಸಂಕ್ರಾಂತಿ ಕಳೆದ ವಾರ. ಊರಿನಿಂದ ಬಂದ ನೆಂಟರಿಗೆ ದೇವಾಲಯಗಳನ್ನು ತೋರಿಸಲೆಂದು ಅರಸೀಕೆರೆಯಿಂದ ಜಾವಗಲ್ ಮಾರ್ಗವಾಗಿ ಹಳೇಬೀಡಿಗೂ ಅಲ್ಲಿಂದ 16 ಕಿ.ಮೀ. ದೂರದ ಬೇಲೂರಿಗೂ ಹೋಗಿ, ಬಂಧುಗಳ ಮನೆಯಲ್ಲಿ ರಾತ್ರಿ ತಂಗಿದ್ದೆವು. ಮುಂಜಾನೆ ಕಾರನ್ನು ಚಾಲೂ ಮಾಡಿದಾಗ ಸೈಲೆನ್ಸರಿನಿಂದ ದಟ್ಟವಾದ ಬಿಳಿಯ ಆವಿ ಎದ್ದಿತು. ಕೊಳವೆಯ ತುದಿಯಿಂದ ತೊಟತೊಟನೆ ನೀರು ಸುರಿಯಿತು. ಕಾರಿನ ಕೆಳಗೆ ನೆಲದಲ್ಲಿ ಎಣ್ಣೆಯ ಕಲೆಯೂ ಇತ್ತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನವರು ಬಾನೆಟ್ ಎತ್ತಿದ ಕೂಡಲೇ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಇಳಿಸಬೇಕು" ಎಂದರು. ಅವರು ಹೇಳಿದ ಮೊತ್ತ ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟಿದ್ದ ಹಣಕ್ಕೆ ಸಮನಾಗಿತ್ತು. ಆದರೂ ಒಪ್ಪುವುದರಲ್ಲಿದ್ದೆ. ನನ್ನಾಕೆ, "ಊರಿಗೆ ಹೋಗಿ ಇನ್ನೊಬ್ಬರಿಗೆ ತೋರಿಸೋಣ" ಎಂದು ತಡೆದಳು.

ಅರಸೀಕೆರೆಯ ವೃದ್ಧ ಮೆಕ್ಯಾನಿಕರೊಬ್ಬರು ಇಂಜಿನ್ನಿಗೆ ಕೈಹಾಕುವ ಮೊದಲು ಮೂರೇ ಪ್ರಶ್ನೆ ಕೇಳಿದರು. ರೇಡಿಯೇಟರಿನ ನೀರು ಇಳಿದಿದೆಯೇ? ಆಯಿಲ್ ಬಣ್ಣ ಹಾಲು ಬೆರೆಸಿದ ಕಾಫಿಯಂತಾಗಿದೆಯೇ? ನಾಲ್ಕಾರು ಮೈಲಿ ಓಡಿದ ಮೇಲೂ ಬಿಳಿ ಹೊಗೆ ನಿಲ್ಲಲಿಲ್ಲವೇ? ಮೂರಕ್ಕೂ ಇಲ್ಲವೆಂದೆ, ಹಳೇಬೀಡು ದಾಟುವಷ್ಟರಲ್ಲಿ ಆವಿ ಮಾಯವಾಗಿತ್ತು. "ಹಂಗಾರೆ ಇಂಜಿನ್‌ಗೇನೂ ಆಗಿಲ್ಲ ಅಯ್ಯನೋರೆ, ಅದು ಮಂಜು ಅಷ್ಟೆ" ಎಂದು ನಕ್ಕರು. ನೆಲದ ಕಲೆಗೆ ಕಾರಣ ಇಂಜಿನ್ ಮೇಲಿನ ಟ್ಯಾಪೆಟ್ ಕವರಿನ ಸವೆದ ಪ್ಯಾಕಿಂಗ್. ಅದನ್ನು ಬದಲಿಸಲು ಅರ್ಧ ಗಂಟೆ ಸಾಕಾಯಿತು.

ನೀರು ಎಲ್ಲಿಂದ ಬರುತ್ತದೆ?

ಪೆಟ್ರೋಲು ಇಂಗಾಲ ಮತ್ತು ಜಲಜನಕಗಳಿಂದ ಕೂಡಿದ ದ್ರವ. ಅದು ಉರಿಯುವಾಗ ಜಲಜನಕವು ಗಾಳಿಯ ಆಮ್ಲಜನಕದೊಡನೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲು ಪೂರ್ತಿಯಾಗಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆಂದರೆ ಅನೇಕರಿಗೆ ಆಶ್ಚರ್ಯವಾದೀತು. ಲೀಟರಿಗೆ 10 ಕಿ.ಮೀ. ಓಡುವ ಕಾರು ಅರಸೀಕೆರೆಯಿಂದ ಬೇಲೂರಿನವರೆಗಿನ ಸುಮಾರು 55 ಕಿ.ಮೀ. ದಾರಿಯಲ್ಲಿ ಐದಾರು ಲೀಟರ್ ನೀರನ್ನು ಹೊರಹಾಕಿರುತ್ತದೆ. ಕೊಳವೆ ಕಾದಿರುವಾಗ ಅದು ಕಣ್ಣಿಗೆ ಕಾಣದ ಆವಿಯಾಗಿ ಹೋಗುತ್ತದೆ. ಕೊಳವೆ ತಣ್ಣಗಿರುವಾಗ ಅದೇ ಆವಿ ಹನಿಗಟ್ಟಿ ತೊಟ್ಟಿಕ್ಕುತ್ತದೆ.

ನಮ್ಮ ಸೀಮೆಯಲ್ಲಿ ಈ ಭೇದ ಸ್ಪಷ್ಟವಾಗಿ ಕಾಣುತ್ತದೆ. ಅರಸೀಕೆರೆಯದು ತೆಂಗಿನ ತೋಟಗಳ ಒಣ ಬಯಲುಸೀಮೆ. ಯಗಚಿಯ ದಡದ ಬೇಲೂರು ಮಲೆನಾಡಿನ ಹೆಬ್ಬಾಗಿಲು. ಅರಸೀಕೆರೆಯ ಮಧ್ಯಾಹ್ನದಲ್ಲಿ ಏನೂ ತೋರದ ಕಾರು ಬೇಲೂರಿನ ಮಂಜಿನ ಮುಂಜಾವಿನಲ್ಲಿ ಬಿಳಿಯ ಆವಿಯುಗುಳಿದರೆ ಅದು ರೋಗವಲ್ಲ, ಹವೆಯ ಗುಣ. ಆದರೆ ಮನೆಯಿಂದ ಪೇಟೆಗೆ ಮಾತ್ರ ಓಡುವ ಕಾರಿನ ಸೈಲೆನ್ಸರು ಪೂರ್ತಿ ಕಾಯುವುದೇ ಇಲ್ಲ. ಒಳಗೆ ನಿಂತ ನೀರಿನಿಂದ ಅದು ಬೇಗನೆ ತುಕ್ಕು ಹಿಡಿಯುತ್ತದೆ. ಅಂಥ ಕಾರನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ದೂರ ಓಡಿಸುವುದು ಒಳ್ಳೆಯದು.

ಕಲಿತ ಪಾಠವೇ ಕಣ್ಣು ಕಟ್ಟಿದಾಗ

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಬಿಳಿಯ ಆವಿಗೆ ಹೆದರಬೇಕಿಲ್ಲವೆಂಬ ಪಾಠ ನನ್ನ ತಲೆಯಲ್ಲಿ ಗಟ್ಟಿಯಾಗಿ ಕುಳಿತುಬಿಟ್ಟಿತು. 2014ರ ಏಪ್ರಿಲಿನಲ್ಲಿ ಹಳೇಬೀಡಿನಿಂದ ಹಿಂದಿರುಗುವಾಗ, ಹಿಂದೆ ಬಿಳಿ ಹೊಗೆ ಬರುತ್ತಿದೆಯೆಂದು ಜೊತೆಯಲ್ಲಿದ್ದವರು ಎಚ್ಚರಿಸಿದರು. "ಅದು ಬರೀ ಆವಿ" ಎಂದು ಅವರಿಗೇ ಉಪದೇಶಿಸಿದೆ. ಉರಿಬಿಸಿಲಿನ ನಡುಹಗಲಲ್ಲಿ, ಗಂಟೆಗಟ್ಟಲೆ ಓಡಿ ಕಾದ ಇಂಜಿನ್ನಿನಲ್ಲಿ ಮಂಜು ಎಲ್ಲಿಂದ ಬರಬೇಕು? ಆ ವಾರ ಎರಡು ಸಲ ರೇಡಿಯೇಟರಿಗೆ ನೀರು ತುಂಬಿದ್ದೆ; ಆ ನೀರು ಎಲ್ಲಿಗೆ ಹೋಯಿತೆಂದು ಯೋಚಿಸಿರಲಿಲ್ಲ.

ಜಾವಗಲ್ ಸಮೀಪದಲ್ಲಿ ಬಾನೆಟ್ಟಿನೊಳಗಿಂದ ಕುದಿಯುವ ಸದ್ದು ಕೇಳಿತು. ಕಾರು ನಿಲ್ಲಿಸಿ, ಟವೆಲ್ಲನ್ನು ಕೈಗೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳ ತಿರುವಿದೆ. ಕುದಿನೀರು ಆಳೆತ್ತರಕ್ಕೆ ಚಿಮ್ಮಿತು. ಬಲಗೈ ಮೊಣಕೈವರೆಗೆ ಬೆಂದು, ಹದಿನೈದು ದಿನ ಲೇಖನಿ ಹಿಡಿಯಲಾಗಲಿಲ್ಲ. ನನ್ನ ಬೆನ್ನ ಹಿಂದೆ ನೆಂಟರ ಮನೆಯ ಏಳು ವರ್ಷದ ಬಾಲಕ ನಿಂತಿದ್ದ. ಅವನು ಒಂದು ಹೆಜ್ಜೆ ಮುಂದೆ ಬಂದಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಮೈ ನಡುಗುತ್ತದೆ. ಈ ಸಲ ಗ್ಯಾಸ್ಕೆಟ್ ನಿಜವಾಗಿ ಸುಟ್ಟಿತ್ತು, ಕಾವಿಗೆ ಹೆಡ್ ಬಾಗಿತ್ತು.

ಹೀಗೇಕಾಗುತ್ತದೆಂಬುದನ್ನು ಓದುಗರು ತಿಳಿದಿರಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ನಮ್ಮ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಬಿಗಿ ಮುಚ್ಚಳ ಒಳಗೆ ಒತ್ತಡವನ್ನು ಹಿಡಿದಿಟ್ಟು, ಅದಕ್ಕೂ ಹೆಚ್ಚಿನ ಕಾವಿನಲ್ಲಿ ನೀರು ಕುದಿಯದಂತೆ ತಡೆದಿರುತ್ತದೆ. ಮುಚ್ಚಳ ಸಡಿಲವಾದೊಡನೆ ಒತ್ತಡ ಬಿದ್ದು, ನೀರೆಲ್ಲ ಒಮ್ಮೆಲೇ ಕುದಿದು ಸಿಡಿಯುತ್ತದೆ. ಆದುದರಿಂದ ಇಂಜಿನ್ ಪೂರ್ತಿ ತಣ್ಣಗಾಗುವವರೆಗೆ, ಎಷ್ಟೇ ತಡವಾದರೂ ಸರಿಯೇ, ಮುಚ್ಚಳ ಮುಟ್ಟಬಾರದು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದು ಹೊಗೆಯ ಬಣ್ಣ. ತೆಳುವಾಗಿ ಬಿಳಿದಾಗಿದ್ದು ಇಂಜಿನ್ ಕಾದಂತೆ ಮಾಯವಾಗುವುದು ನೀರಾವಿ. ಕಾದ ಮೇಲೂ ನಿಲ್ಲದ, ಸಿಹಿವಾಸನೆಯ ದಟ್ಟ ಬಿಳಿ ಹೊಗೆ ಕೂಲೆಂಟ್ ಉರಿಯುತ್ತಿರುವುದರ ಗುರುತು. ನೀಲಿ ಛಾಯೆಯಿದ್ದರೆ ಉರಿಯುತ್ತಿರುವುದು ಇಂಜಿನ್ ಆಯಿಲ್; ರಿಂಗುಗಳೋ ವಾಲ್ವ್ ಸೀಲುಗಳೋ ಸವೆದಿರಬಹುದು. ಕಪ್ಪು ಹೊಗೆ ಬಂದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ. ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ನೋಡಿಸಬೇಕು.

ಎರಡನೆಯದು ನೀರು ಮತ್ತು ಎಣ್ಣೆಯ ಮಟ್ಟ. ಮುಂಜಾನೆ, ತಣ್ಣಗಿರುವ ಇಂಜಿನ್ನಿನಲ್ಲಿ, ಎರಡನ್ನೂ ನೋಡಿ ಪುಸ್ತಕದಲ್ಲಿ ಬರೆದಿಡಿ. ಹೊರಗೆ ಸೋರಿಕೆಯಿಲ್ಲದೆ ರೇಡಿಯೇಟರಿನ ನೀರು ದಿನದಿನಕ್ಕೆ ಇಳಿಯುತ್ತಿದ್ದರೆ ಅದು ಒಳಗೇ ಉರಿಯುತ್ತಿದೆಯೆಂದು ಶಂಕಿಸಬೇಕು. ಆಯಿಲ್ ಕಡ್ಡಿಗೆ ಹಾಲುಗಾಫಿಯ ಬಣ್ಣದ ಜಿಡ್ಡು ಅಂಟಿದ್ದರೆ ನೀರು ಎಣ್ಣೆಗೆ ಬೆರೆತಿದೆ. ಎಣ್ಣೆಯ ಮುಚ್ಚಳದ ಅಡಿಯಲ್ಲಿ ಮಾತ್ರ ಅಂಥ ಕೆನೆ ಕಂಡರೆ ಗಾಬರಿ ಬೇಡ. ಚಿಕ್ಕ ಓಡಾಟದ ಕಾರುಗಳಲ್ಲಿ ಚಳಿಗಾಲದಲ್ಲಿ ಅದು ಸಹಜ.

ಮೂರನೆಯದು ನೆಲದ ಗುರುತು. ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟು ಹಾಸಿ, ಬೆಳಿಗ್ಗೆ ಹನಿಯ ಸ್ಥಳ ಮತ್ತು ಬಣ್ಣ ನೋಡಬೇಕು. ಕಂದು ಅಥವಾ ಕಪ್ಪು ಜಿಡ್ಡು ಇಂಜಿನ್ ಆಯಿಲ್. ಹಸಿರೋ ಕೆಂಪೋ ಬಣ್ಣದ ಅಂಟುನೀರು ಕೂಲೆಂಟ್. ಏ.ಸಿ. ಇರುವ ಕಾರಿನಡಿ ಬೀಳುವ ತಿಳಿನೀರು ನಿರಪಾಯ. ಎಣ್ಣೆ ಮೇಲಿನಿಂದ ಜಾರಿ ಕೆಳಗೆ ತೊಟ್ಟಿಕ್ಕುವುದರಿಂದ, ಹನಿ ಬಿದ್ದ ಜಾಗವೇ ಸೋರುವ ಜಾಗವಲ್ಲ. ಇಂಜಿನ್ನನ್ನು ಒರೆಸಿ ಒಣಗಿಸಿ, ಸ್ವಲ್ಪ ದೂರ ಓಡಿಸಿ, ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಚಕ್ರದ ಒಳಬದಿಯಲ್ಲಿ ತೆಳ್ಳನೆಯ ಜಿಡ್ಡು ಕಂಡರೆ ಅದು ಬ್ರೇಕ್ ಆಯಿಲ್ ಇರಬಹುದು. ಆಗ ಕಾರನ್ನು ಓಡಿಸಲೇಬಾರದು. ಪೆಟ್ರೋಲಿನ ವಾಸನೆ ಬಂದರೆ ಚಾಲೂ ಮಾಡಬಾರದು.

ಇನ್ನೂ ಮೂರು ಎಚ್ಚರಿಕೆಗಳಿವೆ. ಅರಸೀಕೆರೆ ಕಡೆಯ ಕೊಳವೆಬಾವಿಯ ಗಡಸು ನೀರು ಪಾತ್ರೆಯಲ್ಲಿ ಬಿಳಿಯ ಹಕ್ಕಳೆ ಕಟ್ಟುವಂತೆ ರೇಡಿಯೇಟರಿನಲ್ಲೂ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಕೂಲೆಂಟ್ ಬೆರೆಸುವುದು ಲೇಸು. ಆ ಕೂಲೆಂಟ್ ಸಿಹಿಯಾಗಿರುವ ವಿಷ. ಚೆಲ್ಲಿದ್ದನ್ನು ಮಕ್ಕಳಾಗಲಿ ದನ, ನಾಯಿಗಳಾಗಲಿ ನೆಕ್ಕದಂತೆ ಕೂಡಲೇ ತೊಳೆಯಬೇಕು. ಪರೀಕ್ಷೆಗೆಂದು ಮುಚ್ಚಿದ ಷೆಡ್ಡಿನಲ್ಲಿ ಇಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ.

ಅಂಬಾಸಿಡರ್ ಮತ್ತು ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು. ಆದರೂ ನಮ್ಮ ಊರುಗಳ ಎಷ್ಟೋ ಮನೆಗಳಲ್ಲಿ ಹಿರಿಯರು ಕೊಂಡ ಅಂಥ ಕಾರುಗಳು ಉಳಿದಿವೆ. ಅವುಗಳ ವಿಷಯದಲ್ಲಿ ನಾನು ಎರಡು ತಪ್ಪು ಮಾಡಿದೆ. ಮೊದಲ ಸಲ ಮಂಜನ್ನು ಹೊಗೆಯೆಂದು ನಂಬಿ ಹಣ ಕಳೆದುಕೊಳ್ಳುವುದರಲ್ಲಿದ್ದೆ. ಎರಡನೆಯ ಸಲ ಹೊಗೆಯನ್ನು ಮಂಜೆಂದು ನಂಬಿ ಕೈ ಸುಟ್ಟುಕೊಂಡೆ. ನೋಡುವ ಮೊದಲೇ ನಿರ್ಣಯಿಸಿದ್ದು ಎರಡಕ್ಕೂ ಮೂಲ. ನಮ್ಮ ಅಂಬಾಸಿಡರ್ ಈಗಲೂ ಮನೆಯ ಮುಂದಿದೆ. ಬೆಳಿಗ್ಗೆ ಅದರಡಿಯ ರಟ್ಟನ್ನು ಎಳೆದು ನೋಡಿ, ಪುಸ್ತಕದಲ್ಲಿ ಒಂದು ಸಾಲು ಬರೆದ ಮೇಲೆಯೇ ನಾನು ಕೀಲಿಕೈ ಹಿಡಿಯುತ್ತೇನೆ.