ದುಡಿಮೆ ದಂಡನೆಯಲ್ಲ

ಮುಂಜಾವಿನ ಎಸ್.ಟಿ. ಬಸ್ಸು ಅಕ್ಕಲಕೋಟದಿಂದ ಸೊಲ್ಲಾಪುರದ ಕಡೆಗೆ ಹೊರಟಾಗ ಅದರ ತುಂಬ ಬುತ್ತಿಯ ಗಂಟುಗಳಿರುತ್ತವೆ. ಅರಿವೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. ಆ ಬುತ್ತಿಯವರು ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಇಳಿದು, ಟವೆಲು ಚಾದರಗಳ ಕಾರ್ಖಾನೆಗಳೊಳಗೆ ಮರೆಯಾಗುತ್ತಾರೆ. ಒಬ್ಬರು ಮಗ್ಗ ನಡೆಸುವವರು, ಒಬ್ಬರು ಕಂಡಿಕೆ ಸುತ್ತುವವರು, ಒಬ್ಬರು ಮಾಲು ಹೊರುವವರು, ಒಬ್ಬರು ಕಸ ಗುಡಿಸುವವರು. ಅವರಲ್ಲಿ ಅನೇಕರ ಮನೆಮಾತು ಕನ್ನಡ. ಅನೇಕರ ಮಕ್ಕಳು ನಮ್ಮಂಥ ಹಳ್ಳಿಯ ಕನ್ನಡ ಶಾಲೆಗಳಲ್ಲಿ ಓದುತ್ತಾರೆ. ಅಂಥ ಒಬ್ಬ ತಂದೆ ನನಗೆ ಕಲಿಸಿದ ಪಾಠದ ಋಣ ನನ್ನ ಮೇಲಿದೆ. ಅದನ್ನು ತೀರಿಸಲೆಂದೇ ಈ ನಾಲ್ಕು ಮಾತು.

ನಾನು ನೌಕರಿಗೆ ಸೇರಿದ ಹೊಸತು. ಸುಮಾರು 30 ವರ್ಷಗಳ ಹಿಂದಿನ ಮಾತು. ತಡವಾಗಿ ಬಂದವನಿಗೆ, ಮಗ್ಗಿ ತಪ್ಪಿದವನಿಗೆ, ಗದ್ದಲ ಮಾಡಿದವನಿಗೆ ನಾನೊಂದು ಶಿಕ್ಷೆ ಗೊತ್ತುಪಡಿಸಿದ್ದೆ. ಕೈಯಲ್ಲಿ ಕಸಬರಿಗೆ ಕೊಟ್ಟು ಅಂಗಳ ಗುಡಿಸಹಚ್ಚುವುದು. ಛಡಿಯೇಟಿಗಿಂತ ಇದು ಎಷ್ಟೋ ಮೇಲು, ಶಿಕ್ಷೆಯೂ ಆಯಿತು, ಶಾಲೆಯೂ ಸ್ವಚ್ಛವಾಯಿತು ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ. ಒಂದು ಸಂಜೆ ಒಬ್ಬ ತಂದೆ ಶಾಲೆಯ ಕಟ್ಟೆಯ ಬಳಿ ಬಂದು ನಿಂತರು. ಹೆಗಲ ಮೇಲಿನ ವಸ್ತ್ರಕ್ಕೂ ತಲೆಗೂದಲಿಗೂ ಹತ್ತಿಯ ಧೂಳು ಹತ್ತಿಕೊಂಡಿತ್ತು. ಸಿಟ್ಟಿಲ್ಲದ ದನಿಯಲ್ಲಿ ಅವರು ಕೇಳಿದರು:

“ಮಾಸ್ತರ್ರ, ನಾ ದಿನಾ ಕಾರ್ಖಾನ್ಯಾಗ ಕಸಾ ಹೊಡೀತೀನ್ರಿ. ನಂದೇನ್ ತಪ್ಪ ಐತ್ರಿ?”

ಅವರ ಮಗನನ್ನು ಆ ಮಧ್ಯಾಹ್ನ ನಾನು ಅಂಗಳ ಗುಡಿಸಹಚ್ಚಿದ್ದೆ. ಉಳಿದ ಹುಡುಗರು ನಕ್ಕಿದ್ದರು. ಮನೆಗೆ ಹೋದ ಹುಡುಗ ತಂದೆಯ ಮುಖ ನೋಡಲಿಲ್ಲವಂತೆ. ನನ್ನಲ್ಲಿ ಉತ್ತರವಿರಲಿಲ್ಲ. ಯಾವ ಕೆಲಸದಿಂದ ಆ ಮಗುವಿನ ಹೊಟ್ಟೆ ತುಂಬುತ್ತಿತ್ತೋ ಅದೇ ಕೆಲಸವನ್ನು ನಾನು ಅವಮಾನದ ಗುರುತನ್ನಾಗಿ ಮಾಡಿದ್ದೆ. ಪಾಠದಲ್ಲಿ ‘ಶ್ರಮದ ಗೌರವ’ ಎಂದು ಫಲಕದ ಮೇಲೆ ಬರೆದ ಕೈಯೇ ಶ್ರಮವನ್ನು ಶಿಕ್ಷೆಯೆಂದು ಹಂಚಿತ್ತು.

ತರಬೇತಿಯಲ್ಲಿ ನಮಗೆ ಇದನ್ನು ಹೇಳಿರಲಿಲ್ಲವೆಂದಲ್ಲ. ‘ಕಾರ್ಯಾನುಭವ’ವೆಂಬ ವಿಷಯವೇ ಅಲ್ಲಿತ್ತು. 1937ರ ಅಕ್ಟೋಬರದಲ್ಲಿ ವರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರ ಮಂಡಿಸಿದರು, ಡಾ. ಜಾಕಿರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮದ ರೂಪ ಕೊಟ್ಟಿತು. ನೂಲುವುದು, ನೇಯುವುದು, ತೋಟ ಮಾಡುವುದು, ಇವು ಪಾಠದ ನಡುವಿನ ವಿರಾಮವಲ್ಲ, ಇವುಗಳ ಮೂಲಕವೇ ಗಣಿತ, ವಿಜ್ಞಾನಗಳು ಮಗುವಿಗೆ ಬರಬೇಕೆಂಬುದು ಅದರ ತಿರುಳು. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವೂ ಕಾರ್ಯಾನುಭವವನ್ನು ಶಿಕ್ಷಣದ ಅವಿಭಾಜ್ಯ ಅಂಗವೆಂದು ಹೇಳಿತು. ಇದೆಲ್ಲವನ್ನೂ ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ಆದರೆ ಅದು ತಲೆಗೆ ಹತ್ತಿತ್ತು, ಕೈಗೆ ಇಳಿದಿರಲಿಲ್ಲ.

ನಾವು ಬಾಳುತ್ತಿರುವ ಈ ನೆಲದ ಹಿರಿಯನಾರೆಂಬುದನ್ನಾದರೂ ನಾನು ನೆನೆಯಬೇಕಿತ್ತು. ಸೊಲ್ಲಾಪುರವು ಹನ್ನೆರಡನೆಯ ಶತಮಾನದ ಸೊನ್ನಲಿಗೆ; ಶಿವಯೋಗಿ ಸಿದ್ಧರಾಮನ ಊರು. ಅವನು ಗುಡಿ ಕಟ್ಟಿಸಿದನು, ಜನರನ್ನು ಕೂಡಿಸಿಕೊಂಡು ಕೆರೆ ತೋಡಿಸಿದನು. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಕೆರೆಗಿಂತ ದೊಡ್ಡ ಪೂಜೆ ಯಾವುದಿದೆ? ಇಂದಿಗೂ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಕೋಲುಗಳು ಮೆರೆಯುವುದು ಆ ಕೆಲಸಗಾರ ಯೋಗಿಯ ಹೆಸರಿನಲ್ಲಿಯೇ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಅವನನ್ನು ‘ಒಡ್ಡ’ನೆಂದು ಕರೆದಾಗ ಶಿಷ್ಯರು ಕೆರಳಿ ಕಲ್ಲೆತ್ತಿದರೆಂದು ಶೂನ್ಯಸಂಪಾದನೆಯ ಕಥೆ ಹೇಳುತ್ತದೆ. ಆ ಕಥೆಯನ್ನು ಓದಿದಾಗಲೆಲ್ಲ ನನಗೆ ನನ್ನ ಶಾಲೆಯ ಅಂಗಳ ನೆನಪಾಗುತ್ತದೆ. ಕಲ್ಲು ಮಣ್ಣು ಹೊರುವವರ ಹೆಸರು ಬೈಗುಳವೆಂದು ಶಿಷ್ಯರಿಗೆ ತೋರಿತಲ್ಲ! ಗುರುವಿನ ಜೊತೆ ಕೆರೆ ತೋಡಿದವರಿಗೂ ಆ ಭ್ರಮೆ ಬಿಟ್ಟಿರಲಿಲ್ಲ. ಇನ್ನು ನಮ್ಮ ಮಾತೇನು?

ಮರುದಿನ ನಾನೇ ಕಸಬರಿಗೆ ಹಿಡಿದೆ. ಯಾರಿಗೂ ಉಪದೇಶ ಮಾಡಲಿಲ್ಲ. ಪ್ರಾರ್ಥನೆಗೆ ಮುಂಚೆ ನನ್ನ ವರ್ಗವನ್ನು ನಾನೇ ಗುಡಿಸಿದೆ. ಮೂರನೆಯ ದಿನ ಇಬ್ಬರು ಹುಡುಗರು ತಾವಾಗಿ ಬಂದರು. ಇಂದು ನಾನು ಮುಖ್ಯಾಧ್ಯಾಪಕನಾಗಿರುವ ಶಾಲೆಯ ಪಾಳಿಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ. ನಂತರ ಉಳಿದ ಶಿಕ್ಷಕರದು, ಆಮೇಲೆ ಹಾಜರಿ ಕ್ರಮದಲ್ಲಿ ಮಕ್ಕಳದು. ಹುಡುಗಿಯರಿಗೆ ರಂಗೋಲಿ, ಹುಡುಗರಿಗೆ ಕುರ್ಚಿ ಹೊರುವುದು ಎಂಬ ಭೇದವಿಲ್ಲ. ಇಂಥ ಓಣಿಯ ಮಗುವಿಗೆ ಇಂಥ ಕೆಲಸವೆಂಬ ಪಾಪವಂತೂ ಇಲ್ಲವೇ ಇಲ್ಲ. ಒಂದೇ ಜಾತಿಯವರ, ಒಂದೇ ಲಿಂಗದವರ ತಲೆಗೆ ಕಟ್ಟಿದ ಕೆಲಸವು ಶ್ರಮಸಂಸ್ಕಾರವಾಗದು. ಅದು ಹಳೆಯ ಅನ್ಯಾಯದ ಹೊಸ ವೇಷ. ಶಾಲೆಯಲ್ಲಿ ತಪ್ಪಿಗೆ ಬೇರೆ ಪರಿಹಾರಗಳಿವೆ. ಕೆಲಸವನ್ನು ಮಾತ್ರ ಶಿಕ್ಷೆಯಾಗಿ ಕೊಡುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ಇಯತ್ತೆಯ ಮಕ್ಕಳಿಗೆ ಪಾಟೀಚೀಲವಿಲ್ಲದ 10 ದಿನಗಳನ್ನು ಸೂಚಿಸಿದೆ. ಊರಿನ ಕಸುಬುದಾರರ ಬಳಿ ಕುಳಿತು ಕಲಿಯಬೇಕೆಂಬುದು ಅದರ ಉದ್ದೇಶ. ಈ ನೆಪದಲ್ಲಿ ಈಚೆಗೆ ಏಳನೆಯ ಇಯತ್ತೆಯ ಮಕ್ಕಳನ್ನು ಎಂಐಡಿಸಿಯ ಒಂದು ಟವೆಲಿನ ಕಾರ್ಖಾನೆಗೆ ಕರೆದುಕೊಂಡು ಹೋಗಿದ್ದೆವು. ದಿನವೂ ಮೈ ಒರೆಸುವ ಟವೆಲಿನ ಮೇಲೆ ಅಷ್ಟೊಂದು ಕುಣಿಕೆಗಳು ಹೇಗೆ ಏಳುತ್ತವೆಂದು ಅಲ್ಲಿಯವರೆಗೆ ನನಗೂ ಸರಿಯಾಗಿ ತಿಳಿದಿರಲಿಲ್ಲ. ಅದಕ್ಕೆ ಹಾಸಿನ ನೂಲು ಎರಡು ಬೀಮುಗಳಿಂದ ಬರುತ್ತದೆ. ಒಂದು ಬಿಗಿಯಾಗಿರುತ್ತದೆ, ಇನ್ನೊಂದು ಸಡಿಲವಾಗಿರುತ್ತದೆ. ಹೊಕ್ಕಿನ ಎರಡು ಎಳೆಗಳನ್ನು ಅಂಚಿನಿಂದ ತುಸು ದೂರದಲ್ಲಿಯೇ ನಿಲ್ಲಿಸಿ, ಮೂರನೆಯದು ಬಂದಾಗ ಹಣಿಗೆಯು ಮೂರನ್ನೂ ಒಟ್ಟಿಗೆ ಬಡಿದು ಕೂಡಿಸುತ್ತದೆ. ಆಗ ಸಡಿಲಾದ ನೂಲು ಮೇಲೆದ್ದು ಕುಣಿಕೆಯಾಗುತ್ತದೆ. ನೀರು ಹೀರುವುದು ಆ ಕುಣಿಕೆಯೇ.

ಕಾರ್ಮಿಕರೊಬ್ಬರು ಮಗ್ಗದಿಂದ ದೂರ ನಮ್ಮನ್ನು ಕೂಡಿಸಿ, ಹರಿದ ಎರಡು ಎಳೆಗಳನ್ನು ಮಕ್ಕಳ ಕೈಗೆ ಕೊಟ್ಟು ಗಂಟು ಹಾಕಿರೆಂದರು. ಗಂಟು ದಪ್ಪವಾದರೆ ಹಣಿಗೆಯ ಸಂದಿಯಲ್ಲಿ ಸಿಕ್ಕಿ ಎಳೆ ಮತ್ತೆ ಹರಿಯುತ್ತದೆ, ಸಡಿಲಾದರೆ ಬಿಚ್ಚಿಕೊಳ್ಳುತ್ತದೆ. ವರ್ಗದಲ್ಲಿ ಮೊದಲನೆಯವನಾದ ಹುಡುಗ ಐದು ಸಲ ಸೋತನು. ಎರಡನೆಯ ಯತ್ನದಲ್ಲಿಯೇ ಗೆದ್ದವಳು, ಓದಿನಲ್ಲಿ ಹಿಂದೆ ಬಿದ್ದಳೆಂದು ನಾವು ಕೈಬಿಟ್ಟಂತಿದ್ದ ಒಬ್ಬ ಹುಡುಗಿ. ಅವಳು ಅಜ್ಜಿಯ ಜೊತೆ ಕೂತು ಕೌದಿ ಹೊಲಿಯುತ್ತಾಳೆ. ಆ ಕಾರ್ಮಿಕರು ತೋರಿಸಿದ ಗಂಟನ್ನು ಅವಳ ಬೆರಳು ಕಣ್ಣಿಗಿಂತ ಮೊದಲೇ ಓದಿಕೊಂಡಿತು. ಕಣ್ಣುಮಿಟುಕಿಸುವಷ್ಟರಲ್ಲಿ ಅಂಥ ಗಂಟು ಹಾಕುವ ಆ ಗೃಹಸ್ಥರು ಅವಳ ಬೆನ್ನು ತಟ್ಟಿ, “ಶಾಣ್ಯಾ ಇದ್ದೀಯವ್ವಾ” ಎಂದರು. ಆ ದಿನದಿಂದ ಅವಳು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದಾಳೆ. ಕೈಗೂ ಬುದ್ಧಿಯುಂಟೆಂಬುದನ್ನು ನಮ್ಮ ಪ್ರಶ್ನಪತ್ರಿಕೆಗಳು ಎಂದೂ ಕೇಳಿದ್ದಿಲ್ಲ.

ಇಲ್ಲಿ ತಂದೆತಾಯಿಗಳು ಒಂದು ಮಾತು ಕೇಳುತ್ತಾರೆ: “ನಮ್ಮ ಕಷ್ಟ ನಮಗೇ ಸಾಕು, ಮಕ್ಕಳಿಗೇಕೆ?” ಅವರ ಮಾತು ಸುಳ್ಳಲ್ಲ. ಪಾಳಿಯುದ್ದಕ್ಕೂ ಗದ್ದಲದ ನಡುವೆ ನಿಂತು ದುಡಿಯುವವರಿಗೆ ಶ್ರಮದ ಹಿರಿಮೆಯನ್ನು ಬೋಧಿಸಲು ನನಗೆ ಬಾಯಿಲ್ಲ. 2025ರ ಮೇ 18ರಂದು ಇದೇ ಎಂಐಡಿಸಿಯ ಟವೆಲು ಕಾರ್ಖಾನೆಯೊಂದರಲ್ಲಿ ಬೆಂಕಿ ಹೊತ್ತಿ ಎಂಟು ಜೀವಗಳು ಹೋದವು. ದುಡಿಯುವವನಿಗೆ ಮೊದಲು ಸಲ್ಲಬೇಕಾದದ್ದು ಹೊಗಳಿಕೆಯಲ್ಲ. ನ್ಯಾಯವಾದ ಕೂಲಿ ಮತ್ತು ಸುರಕ್ಷಿತ ಸ್ಥಳ. ಮಕ್ಕಳನ್ನು ಸಂಪಾದನೆಗೆ ಹಚ್ಚಿರೆಂದೂ ನಾನು ಹೇಳುತ್ತಿಲ್ಲ. 14 ವರ್ಷದೊಳಗಿನವರನ್ನು ಕೂಲಿಗೆ ಇಟ್ಟುಕೊಳ್ಳುವುದನ್ನು ಕಾಯಿದೆ ನಿಷೇಧಿಸಿದೆ, ಅದು ಸರಿಯೂ ಹೌದು. ನಾನು ಹೇಳುವುದು ಮನೆಯ ನಿತ್ಯದ ಚಿಕ್ಕ ಕೆಲಸಗಳ ಮಾತು. ತಾನುಂಡ ತಾಟು ತೊಳೆಯುವುದು, ತನ್ನ ಅಂಗಿಯ ಗುಂಡಿ ಹಚ್ಚಿಕೊಳ್ಳುವುದು, ಕೊಡ ನೀರು ತುಂಬುವುದು, ಸೈಕಲ್ಲಿನ ಸರಪಳಿ ಕೂಡಿಸುವುದು. ಪರೀಕ್ಷೆಯ ದಿನವೂ ಇವಕ್ಕೆ ಅರ್ಧ ಗಳಿಗೆ ಸಾಕು.

ನನ್ನ ಕಥೆಯನ್ನೇ ಹೇಳುವೆ. ಒಮ್ಮೆ ಮನೆಯವರು ತವರಿಗೆ ಹೋಗಿದ್ದಾಗ ರೊಟ್ಟಿ ಮಾಡಲು ಕುಳಿತೆ. ಗೋದಿಹಿಟ್ಟಿನ ಜಿಗುಟು ಜೋಳದ ಹಿಟ್ಟಿಗಿಲ್ಲ. ಅದಕ್ಕೆಂದೇ ಕುದಿಯುವ ನೀರು ಹಾಕಿ ನಾದಬೇಕು. ತಣ್ಣೀರಿನಲ್ಲಿ ಕಲಸಿದ ನನ್ನ ರೊಟ್ಟಿ ಅಂಗೈಯಲ್ಲಿಯೇ ಒಡೆದು ನಾಲ್ಕು ಹೋಳಾಯಿತು. ಅಂದಿನವರೆಗೆ ‘ರೊಟ್ಟಿ ದಪ್ಪಾಗೇತಿ’ ಎಂದು ಊಟದ ಮಣೆಯ ಮೇಲೆ ಕುಳಿತು ತೀರ್ಪು ಕೊಡುತ್ತಿದ್ದ ನಾನು ಆಮೇಲೆ ಆ ಮಾತು ಆಡಿಲ್ಲ. ಕೈಕೆಲಸದ ದೊಡ್ಡ ಲಾಭ ಇದೇ. ಅದು ನಮ್ಮ ಖರ್ಚು ಉಳಿಸುವುದಕ್ಕಿಂತ ಹೆಚ್ಚಾಗಿ, ಇನ್ನೊಬ್ಬರ ಬೆವರಿನ ಬೆಲೆಯನ್ನು ನಮಗೆ ತಿಳಿಸುತ್ತದೆ. ಮಾಡಿ ನೋಡಿದವನ ನಾಲಿಗೆ ತಾನಾಗಿ ಮೆತ್ತಗಾಗುತ್ತದೆ.

ಆ ಸಂಜೆ ಕಟ್ಟೆಯ ಬಳಿ ನಿಂತಿದ್ದ ತಂದೆಗೆ ಈಗ ವಯಸ್ಸಾಗಿದೆ. ಅವರ ಮಗ ಇಂದು ಎಂಐಡಿಸಿಯಲ್ಲಿ ಮಗ್ಗಗಳ ದುರಸ್ತಿ ಮಾಡುತ್ತಾನೆ. ಬಸ್ಸಿನಲ್ಲಿ ಕಂಡರೆ ಎದ್ದು ನಿಂತು ಜಾಗ ಕೊಡುತ್ತಾನೆ. ಅವನ ಬೆರಳ ಸಂದಿಯಲ್ಲಿ ಎಣ್ಣೆಯ ಕಪ್ಪು ಇರುತ್ತದೆ. ಅವನು ಅದನ್ನು ಮುಚ್ಚಿಕೊಳ್ಳುವುದಿಲ್ಲ. ಅದಕ್ಕೆ ಕಾರಣ ನಾನೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಅವನ ತಂದೆ ಅಂದು ತಲೆ ಎತ್ತಿ ಕೇಳಿದ ಆ ಪ್ರಶ್ನೆಯೇ ಕಾರಣವಿದ್ದೀತು. ಓದುಗ ತಂದೆತಾಯಿಗಳೇ, ನಿಮ್ಮ ಮನೆಯ ಮೂಲೆಯಲ್ಲಿಯೂ ಒಂದು ಕಸಬರಿಗೆ ಇದೆ. ಮಗುವಿನ ಕೈಗೆ ಅದನ್ನು ಸಿಟ್ಟಿನಿಂದ ಕೊಡಬೇಡಿರಿ. ಮೊದಲು ನೀವು ಹಿಡಿದು, ಆಮೇಲೆ ಪ್ರೀತಿಯಿಂದ ಕೊಡಿರಿ.