ಘಾಟಿ ಏರುವ ಮುನ್ನ ಬಿಸಿಯ ಮುಳ್ಳನ್ನು ನೋಡಿ

ಪಳನಿ, ಮಧುರೆ, ಕೊಡೈಕನಾಲ್ ಎಂದು ಸ್ವಂತ ಕಾರಿನಲ್ಲಿ ಹೊರಡುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಹಾಗೆ ಹೋದವರು ಕುಮಿಳಿಯಿಂದ ಕಂಬಂ ಕಣಿವೆಗೆ ಇಳಿದರೆ ಒಂದು ಸಂತೋಷ ಕಾದಿರುತ್ತದೆ. ಅಲ್ಲಿನ ಕಪ್ಪಿಲಿಯರೆಂಬ ಒಕ್ಕಲಿಗರು ತಲೆಮಾರುಗಳಿಂದ ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದವರು. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು. ಆದರೂ ಮಾತು ಉಳಿದಿದೆ. ಇದರ ಬೆಲೆ ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಇರಲಿ, ಇಂದಿನ ವಿಷಯ ಕಾರು.

ತೇನಿ, ಕಂಬಂ ಬಯಲು ಕಡಲಮಟ್ಟದಿಂದ 300-400 ಮೀಟರ್ ಎತ್ತರದ ಬಿಸಿಲ ನಾಡು. ಅಲ್ಲಿಂದ ಹೊರಟರೆ ಲೋವರ್ ಕ್ಯಾಂಪಿನಿಂದ ಕುಮಿಳಿಗೆ, ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ, ದಿಂಡಿಗಲ್ ಜಿಲ್ಲೆಯ ಬತ್ತಲಗುಂಡಿನಿಂದ ಕೊಡೈಕನಾಲಿಗೆ ಬಿಡುವಿಲ್ಲದ ಏರು. ಸಣ್ಣ ಗೇರಿನಲ್ಲಿ ಇಂಜಿನಿಗೆ ದುಡಿಮೆ ಹೆಚ್ಚು, ರೇಡಿಯೇಟರಿಗೆ ಗಾಳಿ ಕಡಿಮೆ. ನೀರು ಕುದಿದು ಹೋದರೆ ಹೆಡ್ ಗ್ಯಾಸ್ಕೆಟ್ ಸುಡುತ್ತದೆ, ಹೆಡ್ಡೇ ಬಾಗಬಹುದು. ಖರ್ಚಿನ ಮಾತು ಹಾಗಿರಲಿ, ವಯಸ್ಸಾದವರನ್ನೂ ಮಕ್ಕಳನ್ನೂ ತಿರುವಿನಲ್ಲಿ ಇಳಿಸಿ ನಿಲ್ಲುವುದು ಯಾರಿಗೆ ಬೇಕು?

ಇತ್ತೀಚಿನ ಹಲವು ಸಣ್ಣ ಕಾರುಗಳಲ್ಲಿ ಮುಳ್ಳಿನ ಗೇಜ್ ಇಲ್ಲ, ಕೆಂಪು ದೀಪ ಮಾತ್ರ. ದೀಪ ಹೊತ್ತುವಾಗ ಅನಾಹುತ ಬಾಗಿಲಿಗೆ ಬಂದಿರುತ್ತದೆ. 2014ರಲ್ಲಿ ತಯಾರಿ ನಿಂತ ಅಂಬಾಸಿಡರನ್ನು ಇಂದಿಗೂ ಓಡಿಸುವವರಿಗೆ ಗೇಜ್ ಇದ್ದರೂ ಅದು ನಿಜ ಹೇಳುತ್ತದೆಯೇ ಎಂಬ ಸಂಶಯ.

ಬೇರೆ ಗೇಜ್ ಹಾಕಿಸುವುದು ದೊಡ್ಡ ಕೆಲಸವಲ್ಲ. ವಿದ್ಯುತ್ ಗೇಜಿಗೆ ಸೆಂಡರ್ ಎಂಬ ಸಣ್ಣ ಹಿತ್ತಾಳೆಯ ಬಿರಡೆ ಇರುತ್ತದೆ. ಬಿಸಿ ಏರಿದಂತೆ ಅದರೊಳಗಿನ ವಿದ್ಯುತ್ ತಡೆ ಇಳಿಯುತ್ತದೆ. ಗೇಜ್ ಮತ್ತು ಸೆಂಡರ್ ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಇರಬೇಕು. ಒಂದು ಕಡೆಯದು ಇನ್ನೊಂದಕ್ಕೆ ಸೇರಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಇಂಜಿನ್ ಪೂರ್ತಿ ತಣಿದ ಮೇಲೆ ಸ್ವಲ್ಪ ನೀರು ಇಳಿಸಿ, ಸೆಂಡರನ್ನು ಥರ್ಮೋಸ್ಟಾಟಿನ ಇಂಜಿನ್ ಬದಿಯಲ್ಲಿ ಕೂರಿಸಬೇಕು. ರೇಡಿಯೇಟರಿನ ಕೆಳಗಿನ ಪೈಪಿನಲ್ಲಿ ಕೂರಿಸಿದರೆ ತಣಿದ ನೀರಿನ ಲೆಕ್ಕ ಸಿಗುತ್ತದೆ, ಅದು ಉಪಯೋಗಕ್ಕಿಲ್ಲ. ಒಂಟಿ ತಂತಿಯ ಸೆಂಡರಿಗೆ ಇಂಜಿನ್ ಲೋಹವೇ ಅರ್ತ್. ಮರೆಗೆ ಟೇಪು ದಪ್ಪವಾಗಿ ಸುತ್ತಿದರೆ ಅದು ತಪ್ಪೀತು. ತಂತಿಯನ್ನು ಹೊಗೆ ಕೊಳವೆಯಿಂದ ದೂರ ಒಯ್ಯಿರಿ.

ಮುಖ್ಯವಾದದ್ದು ಪರೀಕ್ಷೆ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಕೂರಿಸುವ ಮೊದಲು ಸೆಂಡರಿನ ಮೈಯಿಂದ ಕಾರಿನ ಬಾಡಿಗೆ ಒಂದು ತಂತಿ, ತುದಿಯಿಂದ ಗೇಜಿಗೆ ಇನ್ನೊಂದು. ಪಾತ್ರೆಯಲ್ಲಿ ನೀರು ಕಾಯಿಸಿ, ಸೆಂಡರಿನ ಬುಡ ಮಾತ್ರ ಮುಳುಗುವಂತೆ, ತಳಕ್ಕೆ ತಾಗದಂತೆ ತೂಗಿಸಿ. ಪಕ್ಕದಲ್ಲಿ ಒಳ್ಳೆಯ ಥರ್ಮಾಮೀಟರ್ ಇರಲಿ. ಜ್ವರದ್ದಲ್ಲ, ಅದು ಒಡೆದೀತು! ನೀರನ್ನು ಕಲಕುತ್ತ 60, 80 ಡಿಗ್ರಿ ಮತ್ತು ಕುದಿಯುವಾಗ ಮುಳ್ಳು ಎಲ್ಲಿದೆಯೆಂದು ಗುರುತಿಸಿ. ನಮ್ಮ ಕರಾವಳಿಯಲ್ಲಿ ಕುದಿನೀರೆಂದರೆ 100 ಡಿಗ್ರಿ. ತೇನಿಯಲ್ಲಿ ಸುಮಾರು 99. ಕೊಡೈಕನಾಲಿನಲ್ಲಿ 93ರ ಆಸುಪಾಸು. ಅಲ್ಲಿ ಪರೀಕ್ಷಿಸಿ 100 ಎಂದು ಗುರುತು ಹಾಕಿದವರ ಗೇಜ್ ಏಳು ಡಿಗ್ರಿ ಹೆಚ್ಚು ತೋರಿಸುತ್ತದೆ.

ಕೆಲವು ಹಳೆಯ ಕಾರುಗಳಲ್ಲಿ ಪೆಟ್ರೋಲ್ ಮುಳ್ಳೂ ಬಿಸಿಯ ಮುಳ್ಳೂ ಒಟ್ಟಿಗೇ ಏರಿ ನಿಲ್ಲುವುದುಂಟು. ಆಗ ಸೆಂಡರನ್ನು ಬೈಯಬೇಡಿ, ಎರಡಕ್ಕೂ ವಿದ್ಯುತ್ ಕೊಡುವ ಸ್ಟೆಬಿಲೈಸರನ್ನು ನೋಡಿ.

ರೇಡಿಯೇಟರ್ ಮುಚ್ಚಳ ಗಟ್ಟಿಯಿದ್ದರೆ ಒತ್ತಡದಿಂದ ನೀರು ಕುದಿಯುವುದು ತಡವಾಗುತ್ತದೆ. ಏಳು ಪೌಂಡಿನ ಮುಚ್ಚಳದಲ್ಲಿ ಕಡಲಮಟ್ಟದಲ್ಲಿ ಸುಮಾರು 110 ಡಿಗ್ರಿಯವರೆಗೆ. ಅದಕ್ಕೇ ಬಿಸಿಯಲ್ಲಿ ಮುಚ್ಚಳ ತೆರೆಯುವುದು ಅಪಾಯ. ಏರಿನಲ್ಲಿ ಮುಳ್ಳು ಮೇಲೇರತೊಡಗಿದರೆ ಏಸಿ ನಿಲ್ಲಿಸಿ, ಹೀಟರ್ ಇದ್ದರೆ ಪೂರ್ತಿ ತೆರೆಯಿರಿ, ಬದಿಗೆ ನಿಂತು ಇಂಜಿನ್ ನಿಧಾನ ಓಡಲಿ. ಆದರೆ ಆವಿ ಬರುತ್ತಿರುವಾಗಲೇ ಮುಳ್ಳು ದಿಢೀರನೆ ಕೆಳಗಿಳಿದರೆ ತಣಿಯಿತೆಂದು ಹಿಗ್ಗಬೇಡಿ. ಸೆಂಡರಿನ ಸುತ್ತ ನೀರೇ ಉಳಿದಿಲ್ಲ. ಇಂಜಿನನ್ನು ಆ ಕ್ಷಣವೇ ನಿಲ್ಲಿಸಬೇಕು.