ಜೇಬಿನೊಳಗಿನ ಗಾನಸಭೆ

ಅಂಗೈಯಗಲದ ಪೆಟ್ಟಿಗೆಯಲ್ಲಿ ಸಾವಿರ ಹಾಡುಗಳು ಅಡಗಿ ಕುಳಿತುದನ್ನು ಕಂಡು ಜಗತ್ತು ಬೆರಗಾದದ್ದು 2001ರಲ್ಲಿ, ಅಮೆರಿಕದ ಆಪಲ್ ಕಂಪನಿಯ ಐಪಾಡ್ ಹೊರಬಂದಾಗ. ಆದರೆ ಆ ಕನಸು ಮೊಳೆತದ್ದು ಅದಕ್ಕೂ 22 ವರ್ಷಗಳ ಹಿಂದೆ, ಕೇನ್ ಕ್ರೇಮರ್ ಎಂಬ ಇಂಗ್ಲಿಷ್ ತರುಣನ ಮನದಲ್ಲಿ.

ಅದು 1979. ಸೋನಿ ಕಂಪನಿಯ ವಾಕ್‌ಮನ್ ಆಗಷ್ಟೇ ಜಪಾನಿನ ಪೇಟೆಗೆ ಬಂದಿತ್ತು. ಕ್ಯಾಸೆಟ್ಟಿನ ಸಂಗೀತ ದಾರಿಹೋಕರ ಸಂಗಾತಿಯಾಗತೊಡಗಿತ್ತು. ಕ್ರೇಮರನ ಯೋಚನೆಯೇ ಬೇರೆ. ಟೇಪೂ ಬೇಡ, ತಿರುಗುವ ಚಕ್ರವೂ ಬೇಡ. ನಾದವನ್ನು ಅಂಕೆಗಳಾಗಿ ಮಾರ್ಪಡಿಸಿ ಪುಟ್ಟ ಚಿಪ್ ಒಂದರಲ್ಲಿ ಕೂಡಿಡಬೇಕು. ಹೊಸ ಹಾಡುಗಳು ಟೆಲಿಫೋನ್ ತಂತಿಯ ಮೂಲಕವೇ ಬರಬೇಕು! ಅಂದಿನ ಚಿಪ್‌ಗಾದರೋ ಮೂರೂವರೆ ನಿಮಿಷದ ಸಂಗೀತವನ್ನು ಹಿಡಿದಿಡುವಷ್ಟೇ ಶಕ್ತಿ. ಆದರೂ ಆತ ಧೈರ್ಯಗೆಡದೆ ಪೇಟೆಂಟ್ ಪಡೆದ. 1988ರಲ್ಲಿ ಅದನ್ನು ನವೀಕರಿಸಲು ಹಣ ಒದಗಲಿಲ್ಲ. ಹಕ್ಕು ಕೈತಪ್ಪಿ, ಕಲ್ಪನೆ ಎಲ್ಲರ ಸ್ವತ್ತಾಯಿತು.

ಅತ್ತ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳು ಕಿವಿಗೆ ಕೇಳಿಸದ ಧ್ವನಿಯ ಅಂಶಗಳನ್ನು ಕಳೆದು, ಹಾಡಿನ ಗಾತ್ರವನ್ನು ಸುಮಾರು ಹತ್ತನೆಯ ಒಂದಂಶಕ್ಕೆ ಇಳಿಸುವ ಉಪಾಯವನ್ನು ಸಿದ್ಧಪಡಿಸಿದರು. 1995ರಲ್ಲಿ ಅದಕ್ಕೆ ಎಂಪಿ3 ಎಂಬ ಹೆಸರು ನಿಂತಿತು. 1998ರಲ್ಲಿ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ಎಂಬ ಯಂತ್ರವನ್ನು ಮಾರಾಟಕ್ಕಿಟ್ಟಿತು. ಅದರ 32 ಮೆಗಾಬೈಟ್ ಸ್ಮೃತಿಯಲ್ಲಿ ಅರ್ಧ ಗಂಟೆಯ ಸಂಗೀತ. ಮೂರು ವರ್ಷಗಳ ಬಳಿಕ ಬಂದ ಐಪಾಡಿನದು 5 ಗಿಗಾಬೈಟ್. ಬೆಲೆ 399 ಡಾಲರ್.

2008ರಲ್ಲಿ ವಿಚಿತ್ರವೊಂದು ಬೆಳಕಿಗೆ ಬಂತು. ಪೇಟೆಂಟ್ ವ್ಯಾಜ್ಯವೊಂದರಲ್ಲಿ ಸಿಲುಕಿದ್ದ ಆಪಲ್, ತನ್ನ ರಕ್ಷಣೆಗಾಗಿ ಕ್ರೇಮರನ ಹಳೆಯ ನಕ್ಷೆಗಳ ಮೊರೆಹೊಕ್ಕಿತ್ತು! ಮೊದಲಿಗನೆಂಬ ಮನ್ನಣೆ ಆತನಿಗೆ ದೊರೆಯಿತು. ರಾಯಧನ ಕೇಳುವ ಹಕ್ಕು ಮಾತ್ರ ಎಂದೋ ಅಳಿದಿತ್ತು.

2022ರಲ್ಲಿ ಐಪಾಡಿನ ತಯಾರಿಕೆಯೂ ನಿಂತಿತು. ಅದರ ಕೆಲಸವನ್ನು ಮೊಬೈಲ್ ಫೋನು ನುಂಗಿಬಿಟ್ಟಿತ್ತು. ಹಾಡುಗಳು ತಂತಿಯ ಹಂಗನ್ನೂ ತೊರೆದು ಗಾಳಿಯಲ್ಲೇ ತೇಲಿ ಬರುತ್ತಿವೆ. ಕನಸು ನನಸಾಗಿದೆ, ಕಂಡವನ ಹೆಸರು ಮಾತ್ರ ಕೇಳುಗರಲ್ಲಿ ಬಹುಮಂದಿಗೆ ಅಪರಿಚಿತ.